ಬೀರುವಿನ ಆಚೆ ಒಂದು ಸಿಂಹ

“ಅದು ಬೈಬಲ್ ಕಥೆ ಅಂತಲ್ಲೇ? ನೀನ್ಯಾಕೆ ಓದ್ತಿದೀಯ?”

ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದವಳು ಕೇಳಿದ ಪ್ರಶ್ನೆ. ನನ್ನ ಕೈಯಲ್ಲಿದ್ದದ್ದು ‘ದಿ ಕ್ರಾನಿಕಲ್ಸ್ ಆಫ್ ನಾರ್ನಿಯಾ’ ಸರಣಿಯ ಮೂರನೇ ಪುಸ್ತಕ. ಅವಳ ಮಾತಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಸಿಂಹ ಅಂದರೆ ಯೇಸು, ಮಾಟಗಾತಿ ಅಂದರೆ ಸೈತಾನ, ಇಡೀ ಕಥೆ ಮಕ್ಕಳಿಗೆ ಸಕ್ಕರೆ ಬೆರೆಸಿ ಕುಡಿಸುವ ಔಷಧ ಅಂತ ಯಾವುದೋ ವಿಡಿಯೊದಲ್ಲಿ ಕೇಳಿದ್ದಳಂತೆ. ಮರುದಿನ ಇಂಟರ್ನಲ್ಸ್ ಇತ್ತು. “ಆಮೇಲೆ ಹೇಳ್ತೀನಿ ಕಣೇ” ಅಂದೆ. ಒಂದು ಸಾಲಿನಲ್ಲಿ ಮುಗಿಯುವ ಉತ್ತರ ಅದಲ್ಲ.

ನಿಮ್ಮಲ್ಲಿ ಹಲವರು 2005ರ ಸಿನಿಮಾವನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಎರಡನೇ ಮಹಾಯುದ್ಧದ ಕಾಲ. ಲಂಡನ್ ಮೇಲೆ ಬಾಂಬ್ ಬೀಳುತ್ತಿರುತ್ತದೆ. ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಅಣ್ಣ-ತಂಗಿಯರನ್ನು ಹಳ್ಳಿಯ ಕಡೆಯ ಒಬ್ಬ ಮುದಿ ಪ್ರೊಫೆಸರ್ ಮನೆಗೆ ಕಳಿಸುತ್ತಾರೆ. ಕಣ್ಣಾಮುಚ್ಚಾಲೆ ಆಡುವಾಗ ಕಿರಿಯವಳು ಲೂಸಿ ಬಟ್ಟೆಯ ಬೀರುವಿನೊಳಗೆ ಅಡಗಿಕೊಳ್ಳುತ್ತಾಳೆ. ಕೋಟುಗಳನ್ನು ಸರಿಸುತ್ತ ಹಿಂದೆ ಹಿಂದೆ ಹೋದರೆ ಬೆನ್ನಿಗೆ ಮರದ ಹಲಗೆ ತಾಗುವುದಿಲ್ಲ, ಕಾಲಡಿ ಹಿಮ ಸಿಗುತ್ತದೆ. ಆಚೆ ಕಾಡು, ಕಾಡಿನ ನಡುವೆ ಒಂದು ದೀಪದ ಕಂಬ, ಕೊಡೆ ಹಿಡಿದು ಪೊಟ್ಟಣಗಳನ್ನು ಹೊತ್ತು ಬರುವ ಒಬ್ಬ ವಿಚಿತ್ರ ಜೀವಿ. ಸೊಂಟದ ಮೇಲೆ ಮನುಷ್ಯ, ಕೆಳಗೆ ಮೇಕೆ. ಅದು ನಾರ್ನಿಯಾ. ಅಲ್ಲಿ ನೂರು ವರ್ಷದಿಂದ ಚಳಿಗಾಲ, ಆದರೆ ಕ್ರಿಸ್‌ಮಸ್ ಮಾತ್ರ ಬಂದೇ ಇಲ್ಲ. ಬಿಳಿ ಮಾಟಗಾತಿಯ ಆಳ್ವಿಕೆ.

ಇದನ್ನು ಬರೆದ ಸಿ.ಎಸ್. ಲೂಯಿಸ್ ಪಾದ್ರಿಯಲ್ಲ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದ ಮೇಷ್ಟ್ರು, 1954ರಿಂದ ಕೇಂಬ್ರಿಜ್‌ನಲ್ಲಿ ಪ್ರೊಫೆಸರ್. ಹುಟ್ಟಿದ್ದು 1898ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಚಿಕ್ಕಂದಿನಲ್ಲಿ ಅವರೂ ಅಣ್ಣ ವಾರನ್ ಕೂಡ ಮನೆಯ ಅಟ್ಟದಲ್ಲಿ ಕೂತು ಕಾಲ್ಪನಿಕ ದೇಶಗಳನ್ನು ಕಟ್ಟುತ್ತಿದ್ದರು. ತಮ್ಮನ ದೇಶದಲ್ಲಿ ಅಂಗಿ ತೊಟ್ಟು ಮಾತಾಡುವ ಪ್ರಾಣಿಗಳು. ಅಣ್ಣನ ದೇಶದ ಹೆಸರು ಏನು ಗೊತ್ತೇ? ಇಂಡಿಯಾ! ಹಡಗು, ರೈಲುಗಳೇ ತುಂಬಿದ್ದ ಆ ‘ಇಂಡಿಯಾ’ವನ್ನೂ ಪ್ರಾಣಿಗಳ ನಾಡನ್ನೂ ಸೇರಿಸಿ ‘ಬಾಕ್ಸನ್’ ಅಂತ ಒಂದೇ ರಾಜ್ಯ ಮಾಡಿದರು. ಬೆಲ್‌ಫಾಸ್ಟ್‌ನಲ್ಲಿ ಮಳೆ ಹೆಚ್ಚು, ಮಕ್ಕಳು ಮನೆಯೊಳಗೇ ಇರಬೇಕಾಗುತ್ತಿತ್ತು. ನಾರ್ನಿಯಾದ ತಾತನಂತಿದ್ದ ಆ ಆಟದಲ್ಲಿ ನಮ್ಮ ದೇಶದ ಹೆಸರಿತ್ತು ಅನ್ನುವುದು ನನಗಂತೂ ಖುಷಿ ಕೊಟ್ಟ ಸಂಗತಿ.

ಹದಿಹರೆಯದಲ್ಲೇ ಲೂಯಿಸ್ ದೇವರನ್ನು ಬಿಟ್ಟರು. ಪಕ್ಕಾ ನಾಸ್ತಿಕ. ಮೊದಲನೇ ಮಹಾಯುದ್ಧಕ್ಕೆ ಹೋಗಿ ಫ್ರಾನ್ಸ್‌ನ ಕಂದಕಗಳನ್ನು ಮುಟ್ಟಿದ ದಿನ ಅವರ ಹತ್ತೊಂಬತ್ತನೇ ಹುಟ್ಟುಹಬ್ಬ. ಅಂದರೆ ಈಗಿನ ನನಗಿಂತ ಒಂದು ವರ್ಷ ಚಿಕ್ಕವರು. 1918ರ ಏಪ್ರಿಲ್‌ನಲ್ಲಿ ಷೆಲ್ ಚೂರುಗಳು ಮೈಯೊಳಗೆ ಹೊಕ್ಕವು. ಇಷ್ಟೆಲ್ಲ ಕಂಡು ಬಂದವರು ದೇವರ ಬಗ್ಗೆ ಸುಲಭವಾಗಿ ತಲೆ ಆಡಿಸುತ್ತಾರೆಯೇ? ಮೂವತ್ತು ದಾಟಿದ ಮೇಲೆ, ವರ್ಷಗಟ್ಟಲೆ ವಾದ ಮಾಡಿ, ಮನಸ್ಸಿಲ್ಲದ ಮನಸ್ಸಿನಿಂದ ವಾಪಸ್ ಬಂದರು. 1931ರ ಸೆಪ್ಟೆಂಬರ್‌ನ ಒಂದು ರಾತ್ರಿ ಕಾಲೇಜಿನ ಹಿಂದಿನ ಕಾಲುದಾರಿಯಲ್ಲಿ ಇಬ್ಬರು ಗೆಳೆಯರ ಜೊತೆ ಪುರಾಣಗಳ ಬಗ್ಗೆ ಬಹಳ ಹೊತ್ತು ಮಾತಾದರು. ಆ ಗೆಳೆಯರಲ್ಲಿ ಒಬ್ಬರು ಜೆ.ಆರ್.ಆರ್. ಟೋಲ್ಕಿನ್, ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದವರು. ಅದಾದ ಕೆಲವು ದಿನಕ್ಕೆ ಅಣ್ಣನ ಮೋಟಾರ್ ಸೈಕಲ್‌ನ ಸೈಡ್‌ಕಾರಿನಲ್ಲಿ ಕೂತು ವಿಪ್ಸ್‌ನೇಡ್ ಮೃಗಾಲಯಕ್ಕೆ ಹೊರಟರು. ಹೊರಟಾಗ ಇಲ್ಲದ ನಂಬಿಕೆ ಅಲ್ಲಿ ಇಳಿಯುವಾಗ ಇತ್ತು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೃಗಾಲಯದ ದಾರಿಯಲ್ಲಿ ದೇವರು ಸಿಕ್ಕಿದವರು ಮುಂದೆ ದೇವರನ್ನು ಸಿಂಹವಾಗಿ ಬರೆದದ್ದು ನನಗೆ ವಿಚಿತ್ರ ಅನಿಸುವುದಿಲ್ಲ.

ಆದರೆ ನಾರ್ನಿಯಾ ಶುರುವಾದದ್ದು ಧರ್ಮದಿಂದಲ್ಲ. ಹಿಮದ ಕಾಡಿನಲ್ಲಿ ಕೊಡೆ ಹಿಡಿದ ಆ ಮೇಕೆಕಾಲಿನವನ ಚಿತ್ರ ಲೂಯಿಸ್ ತಲೆಯೊಳಗೆ ಬಂದದ್ದು ಹದಿನಾರನೇ ವಯಸ್ಸಿನಲ್ಲಿ, ಅಂದರೆ ಅವರು ನಾಸ್ತಿಕರಾಗಿದ್ದಾಗಲೇ. ಸುಮಾರು ನಲವತ್ತರ ಹೊತ್ತಿಗೆ ಅದರ ಮೇಲೊಂದು ಕಥೆ ಕಟ್ಟಿ ನೋಡೋಣ ಅನಿಸಿತು. 1939ರಲ್ಲಿ ಲಂಡನ್ನಿನಿಂದ ಸ್ಥಳಾಂತರಗೊಂಡ ಶಾಲಾ ಹುಡುಗಿಯರು ಅವರ ಮನೆಗೆ ಬಂದಿದ್ದರು. ಅದೂ ಕಥೆಯೊಳಗೆ ಸೇರಿತು. ಸಿಂಹ ಬಂದದ್ದು ಕೊನೆಗೆ. ಅದು ಬಂದ ಮೇಲೆ ಇಡೀ ಕಥೆಯನ್ನೂ ಉಳಿದ ಆರು ಕಥೆಗಳನ್ನೂ ಎಳೆದುಕೊಂಡು ಹೋಯಿತು. ಸಿಂಹದ ಹೆಸರು ಅಸ್ಲಾನ್. ಟರ್ಕಿಯ ಭಾಷೆಯಲ್ಲಿ ಹಾಗಂದರೆ ಸಿಂಹ ಅಂತಲೇ ಅರ್ಥ. 1950ರಲ್ಲಿ ಮೊದಲ ಪುಸ್ತಕ, ಆಮೇಲೆ ವರ್ಷಕ್ಕೊಂದರಂತೆ 1956ರವರೆಗೆ ಏಳು.

ಮೊದಲ ಪುಸ್ತಕದಲ್ಲಿ ಎಡ್ಮಂಡ್ ಮಾಟಗಾತಿ ಕೊಟ್ಟ ಟರ್ಕಿಷ್ ಡಿಲೈಟ್ ಎಂಬ ಸಿಹಿಗೆ ಮರುಳಾಗಿ ಅಣ್ಣ-ಅಕ್ಕ-ತಂಗಿಯನ್ನೇ ಹಿಡಿದುಕೊಡಲು ಹೊರಡುತ್ತಾನೆ. ಒಂದು ಮಿಠಾಯಿಗೆ ಇಷ್ಟೊಂದಾ ಅಂತ ನನಗೆ ಮೊದಲು ನಗು ಬಂದಿತ್ತು. ಆಮೇಲೆ ತಿಳಿಯಿತು, ಬ್ರಿಟನ್‌ನಲ್ಲಿ ಸಿಹಿತಿಂಡಿಗೆ ರೇಷನ್ ಇತ್ತು, ಅದು ಕೊನೆಯಾಗಿ ತೆಗೆದದ್ದು 1953ರಲ್ಲಿ. ಈ ಪುಸ್ತಕ ಬಂದಾಗ ಅದನ್ನು ಓದಿದ ಮಕ್ಕಳು ಡಬ್ಬಿ ತುಂಬ ಸಿಹಿ ಕಂಡವರೇ ಅಲ್ಲ. ಅವರ ಬಾಯಲ್ಲಿ ನೀರೂರಿರುತ್ತದೆ, ಎಡ್ಮಂಡ್ ಮೇಲೆ ಕೋಪ ಮಾಡಿಕೊಳ್ಳುವುದು ಅಷ್ಟು ಸುಲಭವಾಗಿರಲಿಕ್ಕಿಲ್ಲ.

ನಾರ್ನಿಯಾದ ಹಳೆಯ ಕಟ್ಟಳೆಯ ಪ್ರಕಾರ ದ್ರೋಹ ಮಾಡಿದವನ ಪ್ರಾಣ ಮಾಟಗಾತಿಗೆ ಸೇರಬೇಕು. ಅವನ ಬದಲಿಗೆ ಅಸ್ಲಾನ್ ತಾನೇ ಹೋಗುತ್ತದೆ. ರಾತ್ರಿ ಕಲ್ಲಿನ ಮೇಜಿನ ಮೇಲೆ ಅದರ ಕೇಸರ ಬೋಳಿಸಿ, ಬಾಯಿಗೆ ಪಟ್ಟಿ ಬಿಗಿದು, ಅಣಕಿಸಿ, ಕೊಲ್ಲುತ್ತಾರೆ. ಸೂಸನ್ ಮತ್ತು ಲೂಸಿ ಪೊದೆಯ ಮರೆಯಲ್ಲಿ ನಿಂತು ನೋಡುತ್ತಾರೆ. ಎಲ್ಲರೂ ಹೋದ ಮೇಲೆ ಪುಟ್ಟ ಪುಟ್ಟ ಇಲಿಗಳು ಬಂದು ಸತ್ತ ಸಿಂಹಕ್ಕೆ ಕಟ್ಟಿದ ಹಗ್ಗಗಳನ್ನು ಕಡಿಯುತ್ತವೆ. ಬೆಳಗಾಗುವಾಗ ಮೇಜು ಎರಡು ಹೋಳಾಗುತ್ತದೆ, ಸಿಂಹ ಬದುಕಿ ಎದುರಿಗೆ ನಿಲ್ಲುತ್ತದೆ.

ಹೌದು, ಇದು ಶಿಲುಬೆಯ ಕಥೆಯೇ. ಲೂಯಿಸ್ ಅದನ್ನು ಮುಚ್ಚಿಡಲಿಲ್ಲ. ಆದರೆ ಇದು ರೂಪಕ ಅಲ್ಲ ಅಂತ ವಾದಿಸುತ್ತಿದ್ದರು. ನಾರ್ನಿಯಾದಂಥ ಒಂದು ಲೋಕ ನಿಜವಾಗಿ ಇದ್ದು, ಇಲ್ಲಿ ಮನುಷ್ಯನಾಗಿ ಬಂದ ದೇವರು ಅಲ್ಲಿ ಸಿಂಹವಾಗಿ ಬಂದರೆ ಏನಾಗುತ್ತಿತ್ತು? ‘ಹೀಗಾದರೆ’ ಅನ್ನುವ ಆಟ ಇದು ಎಂಬುದು ಅವರ ವಿವರಣೆ. ಇನ್ನೊಂದು ಮಾತನ್ನೂ ಬರೆದಿದ್ದಾರೆ, ಅದು ನನಗೆ ಹೆಚ್ಚು ತಟ್ಟಿತು. ಚಿಕ್ಕವರಿದ್ದಾಗ ದೇವರ ಬಗ್ಗೆ, ಯೇಸುವಿನ ನೋವಿನ ಬಗ್ಗೆ ‘ನಿನಗೆ ಹೀಗೆ ಅನಿಸಬೇಕು’ ಅಂತ ದೊಡ್ಡವರು ಹೇಳಿದ್ದರಿಂದಲೇ ಅವರಿಗೆ ಏನೂ ಅನಿಸುತ್ತಿರಲಿಲ್ಲವಂತೆ. ಆ ‘ಬೇಕು’ ಎಂಬ ಕಾವಲುಗಾರನ ಕಣ್ಣು ತಪ್ಪಿಸಿ ಒಳಗೆ ಹೋಗಲು ಕಥೆಯೊಂದೇ ದಾರಿ ಅನಿಸಿತು. ಶಾಲೆಯಲ್ಲಿ ನೀತಿಪಾಠದ ಪಿರಿಯಡ್ ಅನುಭವಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋವಿನ ಹಾಡು ಕೇಳಿ ಅಳದ ಕನ್ನಡದ ಮಗು ಇದೆಯೇ? ಪುಣ್ಯಕೋಟಿ ಹುಲಿಯ ಎದುರಿಗೆ ಹಿಂದಿರುಗಿ ನಿಂತಾಗ ನಾವು ಅದು ಯಾವ ಧರ್ಮದ ತತ್ವ ಅಂತ ಕೇಳಲಿಲ್ಲ. ಎರಡೂ ಕಥೆ ಒಂದೇ ಅಂತ ನಾನು ಹೇಳುತ್ತಿಲ್ಲ. ಹಸು ಹೋಗುವುದು ಕೊಟ್ಟ ಮಾತಿಗಾಗಿ, ಸಿಂಹ ಹೋಗುವುದು ಇನ್ನೊಬ್ಬನ ತಪ್ಪಿಗಾಗಿ. ಆ ವ್ಯತ್ಯಾಸದಲ್ಲೇ ಕ್ರೈಸ್ತ ನಂಬಿಕೆಯ ತಿರುಳು ಇದೆ. ನಾನು ಕ್ರಿಶ್ಚಿಯನ್ ಅಲ್ಲ, ಓದಿದ ಮೇಲೆ ಆಗಿಯೂ ಇಲ್ಲ. ಆದರೆ ನಮ್ಮ ಕ್ಲಾಸಿನಲ್ಲೇ ಕೂರುವ ಗೆಳತಿಯರು ಗುಡ್ ಫ್ರೈಡೆಯ ದಿನ ಚರ್ಚಿನಲ್ಲಿ ಯಾಕೆ ಅಷ್ಟು ಹೊತ್ತು ಮಂಡಿಯೂರುತ್ತಾರೆ ಅನ್ನುವುದು ಆ ಇಲಿಗಳ ಪುಟ ಓದಿದ ಮೇಲೆ ನನಗೆ ಸ್ವಲ್ಪ ಅರ್ಥವಾಗಿದೆ.

ಈಗ ಆರನೇ ಪುಸ್ತಕಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ. ‘ದಿ ಮ್ಯಾಜಿಶಿಯನ್ಸ್ ನೆಫ್ಯೂ’, 1955. ನಾರ್ನಿಯಾ ಹುಟ್ಟಿದ ಕಥೆ. ಡಿಗರಿ ಎಂಬ ಹುಡುಗ, ಅಪ್ಪ ಇಂಡಿಯಾದಲ್ಲಿ, ಅಮ್ಮ ಲಂಡನ್ನಿನ ಮನೆಯ ಮೇಲಿನ ಕೋಣೆಯಲ್ಲಿ ಸಾಯುವಂತೆ ಮಲಗಿದ್ದಾಳೆ. ಅವನಿಂದಲೇ ಎಚ್ಚರಗೊಂಡ ಮಾಟಗಾತಿ ಹೊಸ ಲೋಕಕ್ಕೆ ಕಾಲಿಟ್ಟಿದ್ದಾಳೆ. ಅಸ್ಲಾನ್ ಅವನಿಗೆ ದೂರದ ತೋಟದಿಂದ ಒಂದು ಸೇಬು ತರಲು ಹೇಳುತ್ತದೆ. ಡಿಗರಿಗೆ ಒಂದು ಕ್ಷಣ, ‘ಅಮ್ಮನನ್ನು ಉಳಿಸಿದರೆ ಮಾತ್ರ ತರ್ತೀನಿ’ ಅಂತ ಚೌಕಾಸಿ ಮಾಡೋಣ ಅನಿಸುತ್ತದೆ. ಸಿಂಹದ ಮುಂದೆ ಅದು ನಡೆಯುವುದಿಲ್ಲ ಅಂತ ತಕ್ಷಣ ತಿಳಿಯುತ್ತದೆ. ತಡೆಯಲಾರದೆ ಅಮ್ಮನಿಗೆ ಏನಾದರೂ ಕೊಡು ಅಂತ ಬೇಡಿಕೊಳ್ಳುತ್ತಾನೆ. ಅಲ್ಲಿಯವರೆಗೆ ಸಿಂಹದ ಕಾಲು, ಪಂಜ ನೋಡುತ್ತಿದ್ದವನು ತಲೆ ಎತ್ತಿದರೆ, ಸಿಂಹದ ಕಣ್ಣಿನಲ್ಲಿ ಅವನ ಕಣ್ಣೀರಿಗಿಂತ ದೊಡ್ಡ ಹನಿಗಳು.

ತೋಟದಲ್ಲಿ ಮಾಟಗಾತಿ ಕಾದಿರುತ್ತಾಳೆ. ಈ ಹಣ್ಣು ತೆಗೆದುಕೊಂಡು ನೇರ ಅಮ್ಮನ ಹತ್ತಿರ ಹೋಗು, ಯಾರಿಗೆ ಗೊತ್ತಾಗುತ್ತದೆ ಅನ್ನುತ್ತಾಳೆ. ಡಿಗರಿ ಹಣ್ಣನ್ನು ಅಸ್ಲಾನ್‌ಗೇ ತಂದುಕೊಡುತ್ತಾನೆ, ಅಮ್ಮ ಸಾಯುತ್ತಾಳೆ ಅಂದುಕೊಂಡೇ. ಆ ಹಣ್ಣಿನಿಂದ ಮರ ಬೆಳೆದ ಮೇಲೆ ಅಸ್ಲಾನ್ ತಾನಾಗಿ ಇನ್ನೊಂದು ಸೇಬು ಕೊಡುತ್ತದೆ. ಅಮ್ಮ ತಿನ್ನುತ್ತಾಳೆ, ನಿದ್ದೆ ಹೋಗುತ್ತಾಳೆ, ಬದುಕುತ್ತಾಳೆ.

ಈ ಅಧ್ಯಾಯಗಳನ್ನು ನಾನು ಓದಿದ್ದು ಕಳೆದ ವರ್ಷ, ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ. ಅಮ್ಮನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು ಬಯಾಪ್ಸಿಗೆ ಕಳಿಸಿದ್ದರು. ರಿಪೋರ್ಟ್ ಬರಲು ಎಂಟು ದಿನ. ಊರಿನಲ್ಲಿ ಅಜ್ಜಿ ಹಳದಿ ಬಟ್ಟೆಯಲ್ಲಿ ಧರ್ಮಸ್ಥಳಕ್ಕೆ ಮುಡಿಪು ಕಟ್ಟಿಟ್ಟಿದ್ದಳು. ನಾನು ವಿಜ್ಞಾನ ಓದುವವಳು, ಹಾಗೆಲ್ಲ ಹರಕೆ ಹೊರುವುದಿಲ್ಲ ಅಂತ ಹೊರಗೆ ಹೇಳಿಕೊಂಡಿದ್ದರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ: ಅಮ್ಮನಿಗೆ ಏನೂ ಆಗದಿದ್ದರೆ ನಾನು ಇಂಥದ್ದು ಬಿಡುತ್ತೇನೆ, ಇಂಥದ್ದು ಮಾಡುತ್ತೇನೆ. ಚೌಕಾಸಿಯೇ. ಡಿಗರಿ ಸಿಂಹದ ಮುಖ ನೋಡುವ ಆ ಪುಟದಲ್ಲಿ ಫೋನಿನ ಪರದೆ ಮಂಜಾಯಿತು. ಪಕ್ಕದಲ್ಲಿ ಕೂತಿದ್ದ ಯಾರದೋ ಅಜ್ಜ, “ಏನವ್ವಾ, ರಿಪೋರ್ಟ್ ಬಂತಾ?” ಅಂತ ಕೇಳಿದರು. ಇಲ್ಲ, ಪುಸ್ತಕ ಓದಿ ಅಳುತ್ತಿದ್ದೇನೆ ಅಂತ ಹೇಳಲು ನಾಚಿಕೆಯಾಯಿತು.

ಅಮ್ಮ ಚೆನ್ನಾಗಿದ್ದಾಳೆ. ಆಪರೇಷನ್ ಆಯಿತು, ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅದು ಸೇಬಿನಿಂದ ಆದದ್ದಲ್ಲ, ಸರ್ಜನ್ ಕೈಯಿಂದ ಆದದ್ದು. ಮುಡಿಪಿನಿಂದ ಅಂತ ಅಜ್ಜಿ.

ಆದರೆ ಲೂಯಿಸ್? ಅವರಿಗೆ ಒಂಬತ್ತು ವರ್ಷವಿದ್ದಾಗ, 1908ರ ಆಗಸ್ಟ್‌ನಲ್ಲಿ, ಅವರ ತಾಯಿ ಫ್ಲೋರಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಹುಡುಗ ಉಳಿಸು ಅಂತ ದೇವರಲ್ಲಿ ಬೇಡಿಕೊಂಡಿದ್ದ. ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಅವನನ್ನು ಸಮುದ್ರ ದಾಟಿಸಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರು ಕೂತು, ಒಬ್ಬ ಹುಡುಗನ ಅಮ್ಮ ಬದುಕುವ ಕಥೆ ಬರೆದರು. ಮೊದಲ ಪುಸ್ತಕದ ಬೆನ್ನಿಗೇ ಆರಂಭಿಸಿ, ಕೈಬಿಟ್ಟು, ಮತ್ತೆ ಎತ್ತಿಕೊಂಡು, ಏಳು ಪುಸ್ತಕಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಬರೆದು ಮುಗಿಸಿದ್ದು ಇದನ್ನೇ. ಇಷ್ಟು ತಿಳಿದ ಮೇಲೂ ‘ಇದು ಮತಪ್ರಚಾರ’ ಎಂಬ ಒಂದೇ ಪದದ ಚೀಟಿ ಅಂಟಿಸಲು ನನಗೆ ಕೈ ಬರುವುದಿಲ್ಲ. ನಂಬಿಕೆ ಇದೆ, ನಿಜ. ನಂಬಿಕೆಯ ಅಡಿಯಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ ಕೂತಿದ್ದಾನೆ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಪುಸ್ತಕ ಬಂದ ಮರುವರ್ಷ ಲೂಯಿಸ್ ಅಮೆರಿಕದ ಲೇಖಕಿ ಜಾಯ್ ಡೇವಿಡ್‌ಮನ್ ಅವರನ್ನು ಮದುವೆಯಾದರು. ಅದೇ ವರ್ಷ ಅವರಿಗೂ ಕ್ಯಾನ್ಸರ್ ಪತ್ತೆಯಾಯಿತು. ನಡುವೆ ಒಮ್ಮೆ ಎದ್ದು ಓಡಾಡುವಷ್ಟು ಗುಣವಾಗಿ, 1960ರಲ್ಲಿ ತೀರಿಕೊಂಡರು. ಆಮೇಲೆ ಲೂಯಿಸ್ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಚಿಕ್ಕ ಪುಸ್ತಕದಲ್ಲಿ ದೇವರ ಮೇಲೆ ಸಿಟ್ಟಿದೆ, ಸಂಶಯವಿದೆ. ನಾರ್ನಿಯಾ ಓದಿ ‘ಇವರಿಗೆ ಎಲ್ಲ ಉತ್ತರ ಗೊತ್ತು’ ಅನಿಸಿದವರು ಅದನ್ನೂ ಓದಬೇಕು.

ಸರಣಿಯ ಎಲ್ಲವನ್ನೂ ಒಪ್ಪಿದ್ದೇನೆ ಅಂದುಕೊಳ್ಳಬೇಡಿ. ಕೊನೆಯ ಪುಸ್ತಕ ‘ದಿ ಲಾಸ್ಟ್ ಬ್ಯಾಟಲ್’ ಓದಿ ಮುಗಿಸಿದಾಗ ನನಗೆ ಸಿಟ್ಟೇ ಬಂತು. ಎಲ್ಲರೂ ಅಸ್ಲಾನ್‌ನ ದೇಶ ಸೇರುತ್ತಾರೆ, ಸೂಸನ್ ಒಬ್ಬಳು ಇಲ್ಲ. ಕಾರಣ? ಅವಳಿಗೆ ಈಗ ಲಿಪ್‌ಸ್ಟಿಕ್, ನೈಲಾನ್ ಕಾಲುಚೀಲ, ಪಾರ್ಟಿಯ ಆಹ್ವಾನಗಳೇ ಮುಖ್ಯವಾಗಿವೆಯಂತೆ, ನಾರ್ನಿಯಾ ಬರೀ ಮಕ್ಕಳಾಟ ಅನ್ನುತ್ತಾಳಂತೆ. ಸಿಂಹ ಸಾಯುವ ರಾತ್ರಿ ಜೊತೆಗೆ ನಿಂತವಳು ಅವಳು! ಅವಳ ಬಾಯಿಂದ ಒಂದು ಮಾತೂ ಇಲ್ಲ, ಬೇರೆಯವರೇ ಅವಳ ಬಗ್ಗೆ ಹೇಳಿ ಮುಗಿಸುತ್ತಾರೆ. ನಾನೂ ಲಿಪ್‌ಸ್ಟಿಕ್ ಹಚ್ಚುತ್ತೇನೆ, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪೇಪರನ್ನೂ ಪಾಸು ಮಾಡಿದ್ದೇನೆ, ನಾರ್ನಿಯಾವನ್ನೂ ಓದುತ್ತೇನೆ. ಒಂದಿದ್ದರೆ ಇನ್ನೊಂದು ಇರಬಾರದೇ? ಇಂಗ್ಲಿಷ್ ಲೇಖಕ ಫಿಲಿಪ್ ಪುಲ್‌ಮನ್ ಇದೇ ವಿಷಯಕ್ಕೆ ಲೂಯಿಸ್‌ರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ನೀಲ್ ಗೈಮನ್ ಸೂಸನ್ ಬಗ್ಗೆಯೇ ಒಂದು ಸಣ್ಣಕಥೆ ಬರೆದಿದ್ದಾರೆ. ಲೂಯಿಸ್ ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ, ಸೂಸನ್ ಇನ್ನೂ ಬದುಕಿದ್ದಾಳೆ, ಅವಳಿಗೆ ಸಮಯವಿದೆ, ತನ್ನದೇ ದಾರಿಯಲ್ಲಿ ಬಂದರೂ ಬರಬಹುದು ಅಂದಿದ್ದರು. ಪತ್ರದಲ್ಲಿ ಬರೆದದ್ದನ್ನು ಪುಸ್ತಕದಲ್ಲೇ ಬರೆಯಬಹುದಿತ್ತು.

ಇನ್ನೊಂದು ಮುಜುಗರ ಕ್ಯಾಲೋರ್ಮನ್ ದೇಶ. ಕಪ್ಪು ಮೈಬಣ್ಣ, ಪೇಟ, ಬಾಗಿದ ಕತ್ತಿ, ಕ್ರೂರ ದೇವರು. ಯುರೋಪಿನವರು ಪೂರ್ವದವರನ್ನು ನೋಡಿದ ಹಳೆಯ ಕನ್ನಡಕ. ಓದುವಾಗ ನಾವು ಯಾವ ಕಡೆಯವರು ಅಂತ ಯೋಚನೆ ಬಂದೇ ಬರುತ್ತದೆ. ಹಾಗಿದ್ದೂ ಆ ದೇಶದ ಅರಾವಿಸ್ ಎಂಬ ಹುಡುಗಿ ಇಡೀ ಸರಣಿಯಲ್ಲೇ ನನಗೆ ಪ್ರೀತಿಯವಳು. ಬೇಡದ ಮದುವೆ ತಪ್ಪಿಸಿಕೊಂಡು ಕುದುರೆ ಏರಿ ಹೊರಟವಳು. ಕೊನೆಯ ಪುಸ್ತಕದಲ್ಲಿ ಎಮೆತ್ ಎಂಬ ಕ್ಯಾಲೋರ್ಮನ್ ಯುವಕ ಬರುತ್ತಾನೆ. ಹೀಬ್ರೂ ಭಾಷೆಯಲ್ಲಿ ಆ ಹೆಸರಿಗೆ ಸತ್ಯ ಎಂಬ ಅರ್ಥ. ಜೀವನವಿಡೀ ಬೇರೆ ದೇವರನ್ನು ಪ್ರಾಮಾಣಿಕವಾಗಿ ಪೂಜಿಸಿದವನು. ಅಸ್ಲಾನ್‌ನನ್ನು ಕಂಡು ತನ್ನ ಕಥೆ ಮುಗಿಯಿತು ಅಂದುಕೊಳ್ಳುತ್ತಾನೆ. ಅಸ್ಲಾನ್ ಅವನ ಹಣೆಗೆ ನಾಲಿಗೆ ತಾಗಿಸಿ, ನೀನು ಮನಃಪೂರ್ವಕ ಮಾಡಿದ ಸೇವೆಯೆಲ್ಲ ನನಗೇ ಸಂದಿದೆ ಎಂಬರ್ಥದ ಮಾತಾಡುತ್ತದೆ. ಇದಕ್ಕಾಗಿ ಕೆಲವು ಕಟ್ಟಾ ಕ್ರೈಸ್ತರೇ ಲೂಯಿಸ್ ಮೇಲೆ ಮುನಿಸಿಕೊಂಡಿದ್ದಾರೆ. ‘ನಿನ್ನದೂ ನನ್ನ ಲೆಕ್ಕಕ್ಕೇ’ ಅನ್ನುವುದರಲ್ಲಿ ಸ್ವಲ್ಪ ದೊಡ್ಡಸ್ತಿಕೆಯೂ ಇದೆ ಅಂತ ನನ್ನ ಅನಿಸಿಕೆ. ಆದರೂ 1956ರಲ್ಲಿ ಮಕ್ಕಳ ಪುಸ್ತಕದಲ್ಲಿ ಅಷ್ಟು ಬಾಗಿಲು ತೆರೆದಿಟ್ಟದ್ದು ಸಣ್ಣದಲ್ಲ.

ಓದಬೇಕು ಅನಿಸಿದವರಿಗೆ ಎರಡು ಮಾತು. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವಳು. ಇಂಗ್ಲಿಷ್ ಕಾದಂಬರಿ ಅಂದರೆ ಹೆದರುತ್ತಿದ್ದವಳು ಕೊನೆಯವರೆಗೆ ಓದಿದ ಮೊದಲ ಇಂಗ್ಲಿಷ್ ಪುಸ್ತಕ ಇದು. ಚಿಕ್ಕ ವಾಕ್ಯಗಳು, ನಡುನಡುವೆ ಲೇಖಕರೇ ಎದುರು ಕೂತವರಂತೆ ಮಾತಾಡಿಸುತ್ತಾರೆ. ಇಂಟರ್‌ವ್ಯೂಗೆ ಇಂಗ್ಲಿಷ್ ಸುಧಾರಿಸಬೇಕು ಅಂತ ದಪ್ಪ ಗೈಡ್ ಹಿಡಿದು ಕೂತವರು ರಾತ್ರಿ ಹತ್ತು ಪುಟ ಇದನ್ನು ಓದಿ ನೋಡಬಹುದು.

ಇನ್ನು ಓದುವ ಕ್ರಮ. ಏಳೂ ಸೇರಿದ ಒಂದೇ ಸಂಪುಟ ಸಿಗುತ್ತದೆ, ಆದರೆ ಈಗಿನ ಮುದ್ರಣಗಳಲ್ಲಿ ಕಥೆಯ ಕಾಲಕ್ರಮಕ್ಕೆ ತಕ್ಕಂತೆ ‘ದಿ ಮ್ಯಾಜಿಶಿಯನ್ಸ್ ನೆಫ್ಯೂ’ವನ್ನು ಮೊದಲಿಗೆ ಇಟ್ಟಿರುತ್ತಾರೆ. 1957ರಲ್ಲಿ ಅಮೆರಿಕದ ಹುಡುಗನೊಬ್ಬ ಪತ್ರ ಬರೆದು ಕೇಳಿದಾಗ ಲೂಯಿಸ್ ಕೂಡ ಆ ಕ್ರಮದ ಕಡೆಗೇ ವಾಲಿದ್ದರು, ಹೇಗೆ ಓದಿದರೂ ಅಂಥ ವ್ಯತ್ಯಾಸವಿಲ್ಲ ಅಂತಲೂ ಸೇರಿಸಿದ್ದರು. ನನ್ನ ಸಲಹೆ ಬೇರೆ. ಡಿಗರಿ ಆ ಸೇಬಿನ ತಿರುಳನ್ನು ಲಂಡನ್ನಿನ ಹಿತ್ತಲಿನಲ್ಲಿ ಹೂಳುತ್ತಾನೆ, ಅಲ್ಲಿ ಮರವಾಗುತ್ತದೆ, ವರ್ಷಗಳ ನಂತರ ಗಾಳಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಪ್ರೊಫೆಸರ್ ಆಗಿರುವ ಡಿಗರಿ ಆ ಮರವನ್ನು ಸೌದೆ ಮಾಡಲು ಮನಸ್ಸಾಗದೆ ಒಂದು ಬಟ್ಟೆಯ ಬೀರು ಮಾಡಿಸುತ್ತಾನೆ. ಲೂಸಿ ಅಡಗಿಕೊಂಡದ್ದು ಅದರೊಳಗೆ. ಹಾಗಾಗಿ ಸಂಪುಟದ ಮೊದಲ ಕಥೆಯನ್ನು ಸದ್ಯಕ್ಕೆ ದಾಟಿ, ಎರಡನೆಯದಾಗಿರುವ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ನಿಂದ ಶುರುಮಾಡಿ. ಸೇಬಿನದನ್ನು ಆರನೆಯದಾಗಿ ಓದಿ.